ಸಂಜೆ ಬೆಳಕಿನಲ್ಲಿ ಪಾಟೀಲರ ಪಿಸ್ತೂಲು

ಶೇಡಬಾಳದ ಜಿನ್ನಪ್ಪ ಪಾಟೀಲರು ಹತ್ತೊಂಬತ್ತು ವರ್ಷಗಳಲ್ಲಿ ತಮ್ಮ ಪಿಸ್ತೂಲಿನಿಂದ ಹೊಡೆದು ಬೀಳಿಸಿದ್ದು ಒಂದೇ ಒಂದು ತೆಂಗಿನಕಾಯಿ. ನಿಜ ಹೇಳಬೇಕೆಂದರೆ ಅದನ್ನೂ ಅವರು ಹೊಡೆದಿರಲಿಲ್ಲ.

ತಂದೆ ರಾವಸಾಹೇಬ ಪಾಟೀಲರು ತೀರಿಕೊಂಡ ವರ್ಷ ಪಿಸ್ತೂಲೂ ಅದರ ಲೈಸೆನ್ಸೂ ಮಗನ ಹೆಸರಿಗೆ ಬಂದವು. ಸರಕಾರಿ ಕಾಗದದಲ್ಲಿ ಅದು ಆರು ಗುಂಡಿನ ರಿವಾಲ್ವರ್. ಊರಿನ ಬಾಯಲ್ಲಿ ಪಿಸ್ತೂಲು. ಆ ದೀಪಾವಳಿಗೆ ಜಿನ್ನಪ್ಪ ಖಾಲಿ ಪಿಸ್ತೂಲನ್ನು ಒರೆಸುತ್ತ ಹಿತ್ತಲಲ್ಲಿ ನಿಂತಿದ್ದರು. ಹಿಂದಿನ ಓಣಿಯಲ್ಲಿ ಯಾರೋ ದೊಡ್ಡ ಪಟಾಕಿ ಹಾರಿಸಿದರು. ಅದೇ ಗಳಿಗೆಗೆ ಮರದಿಂದ ಒಂದು ಒಣಗಿದ ಕಾಯಿ ದೊಪ್ಪೆಂದು ಬಿತ್ತು. ನೆರೆಮನೆಯ ಭೀಮಗೊಂಡ ಗೋಡೆಯ ಮೇಲಿಂದ ಇಣುಕಿದ. ಪಿಸ್ತೂಲು ಕಂಡಿತು, ಬಿದ್ದ ಕಾಯಿ ಕಂಡಿತು, ಸದ್ದು ಇನ್ನೂ ಕಿವಿಯಲ್ಲೇ ಇತ್ತು.

"ಏ ಜಿನ್ನಪ್ಪಣ್ಣಾ, ಬರೋಬ್ಬರಿ ತೊಟ್ಟಿಗೇ ಹೊಡದಿಯಲ್ಲೋ ಮಾರಾಯಾ! ಕಾಯಿಗಿ ಒಂದ್ ಗೀರೂ ಬಿದ್ದಿಲ್ಲ!"

ಜಿನ್ನಪ್ಪ ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಕೈ ಮೀಸೆಯ ಮೇಲೆ ಹೋಯಿತು, ಅಷ್ಟೇ. ಮುಂದಿನದನ್ನೆಲ್ಲ ಆ ಮೀಸೆಯೇ ಹೇಳಿತೆಂದು ನಾವು ತಿಳಿಯಬೇಕು.

ಸಂಜೆಯೊಳಗೆ ಸುದ್ದಿ ಕಾಗವಾಡ ದಾಟಿತು. ಮರುದಿನ ತಾಯಿ ಸೋನಾಬಾಯಿ ಮಗನನ್ನು ಬಸದಿಗೆ ಕರೆದೊಯ್ದು ದೇವರ ಮುಂದೆ ನಿಲ್ಲಿಸಿದಳು. ನೀರನ್ನು ಸೋಸದೆ ಕುಡಿಯದ, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನೆತನ ಅವರದು.

"ಅಪ್ಪನ ವಸ್ತು, ಇಟ್ಕೋ. ಬ್ಯಾಡ ಅನ್ನೂದಿಲ್ಲ. ಆದ್ರ ಒಂದ್ ಗುಂಡೂ ಹಾರಸೂದಿಲ್ಲಂತ ಆಣಿ ಮಾಡು."

ಜಿನ್ನಪ್ಪ ಬಲು ಸಂತೋಷದಿಂದ ಆಣೆ ಮಾಡಿದರು. ಗುಂಡಿನ ಸದ್ದೆಂದರೆ ಅವರಿಗೇ ಎದೆ ಧಸಕ್ಕೆನ್ನುತ್ತಿತ್ತು. ಅಂದಿನಿಂದ ಊರಿಗೆ ಅವರು ಗುರಿ ತಪ್ಪದ ಪಾಟೀಲರು, ತಾಯಿಗೆ ಮಾತು ತಪ್ಪದ ಮಗ. ಸೊಸೈಟಿಯ ಮೀಟಿಂಗಿನಲ್ಲಿ ಮೊದಲ ಕುರ್ಚಿ ಅವರದೇ. ಮದುವೆಗಳಲ್ಲಿ ಅವರು ಕೂತ ಕಡೆ ಯಾರೂ ಜಗಳ ತೆಗೆಯುತ್ತಿರಲಿಲ್ಲ. ಪಿಸ್ತೂಲು ತಿಜೋರಿಯಲ್ಲಿ, ತಿಜೋರಿಯ ಕೀಲಿ ಸೋನಾಬಾಯಿಯ ಸೊಂಟದಲ್ಲಿ. ಎಲ್ಲವೂ ಚೆನ್ನಾಗಿತ್ತು.

ಎಂಬತ್ತೆಂಟನೇ ಇಸವಿಯಲ್ಲಿ ಮೈಸೂರು ಕಡೆಯ ಹೊಸ ಪೊಲೀಸ್ ಫೌಜದಾರರು ಠಾಣೆಗೆ ಬಂದು ಎಲ್ಲವನ್ನೂ ಕೆಡಿಸಿದರು. ಡಿಸೆಂಬರ್ ಮೊದಲ ದಿನವೇ ಅವರ ಆರ್ಡರು ಬಂತು. ಪಿಸ್ತೂಲಿನ ಲೈಸೆನ್ಸು ಇರುವ ಏಳೂ ಜನ ಇಪ್ಪತ್ತನೇ ತಾರೀಖು ಸಂಜೆ ನಾಲ್ಕಕ್ಕೆ ಪಕ್ಕದ ಹಳ್ಳಿ ಅನಂತಪುರದ ದಾರಿಯ ಹಳೆಯ ಕಲ್ಲುಖಣಿಗೆ ಬರಬೇಕು, ಇಪ್ಪತ್ತು ಹೆಜ್ಜೆ ದೂರದ ಗುರಿಗೆ ಹೊಡೆದು ತೋರಿಸಬೇಕು. ತೋರಿಸದಿದ್ದರೆ ಲೈಸೆನ್ಸು ಮುಂದುವರಿಯುವುದಿಲ್ಲ, ಪಿಸ್ತೂಲು ಠಾಣೆಗೆ ಜಮಾ.

ಕಾಗದ ಓದಿದ ಜಿನ್ನಪ್ಪರ ಮುಖ ಸುಣ್ಣದಂತಾಯಿತು. ಹೊಡೆದರೆ ಆಣೆ ಹೋಯಿತು. ಹೊಡೆಯದಿದ್ದರೆ ಪಿಸ್ತೂಲು ಹೋಯಿತು, ಅದರ ಹಿಂದೆ ಮೊದಲ ಕುರ್ಚಿಯೂ ಹೋಯಿತು. ಗೋಡೆಯಾಚೆಯಿಂದ ಭೀಮಗೊಂಡ ಬೇರೆ, "ನಿನಗೇನ್ ಬಿಡಣ್ಣಾ, ಕಣ್ಣ್ ಮುಚ್ಚಿ ಹೊಡಿತಿ!" ಎಂದು ಹುರಿದುಂಬಿಸಿದ.

ಇಂಥ ಇಕ್ಕಟ್ಟಿನಲ್ಲಿ ಸಿಕ್ಕವರು ಮಾಡುವುದನ್ನೇ ಜಿನ್ನಪ್ಪರೂ ಮಾಡಿದರು. ಮುಖ್ಯ ಮಾತನ್ನು ಬಿಟ್ಟು ಸಣ್ಣ ಮಾತಿಗೆ ಗಂಟುಬಿದ್ದರು. ಹೊಡೆಯಬೇಕೋ ಬೇಡವೋ ಆಮೇಲೆ ನೋಡೋಣ, ಮೊದಲು ಗುರಿ ನೆಟ್ಟಗೆ ಕಾಣುತ್ತದೋ ಇಲ್ಲವೋ ತಿಳಿಯೋಣ ಎಂದು ಅನಂತಪುರದ ದಶರಥನಿಗೆ ಹೇಳಿ ಕಳಿಸಿದರು. ದಶರಥ ಹದಿನೆಂಟು ವರ್ಷ ಮಿಲಿಟರಿ ಫೌಜಿನಲ್ಲಿದ್ದು ಹವಾಲ್ದಾರನಾಗಿ ಮರಳಿ ಬಂದವನು. ಮಾತು ಕಡಿಮೆ, ಕಣ್ಣು ಚುರುಕು.

ಮಾಳಿಗೆಯ ಮೇಲೆ ಜಿನ್ನಪ್ಪ, ಅವ್ವ ತಿಜೋರಿಯಿಂದ ತೆಗೆದುಕೊಟ್ಟ ಖಾಲಿ ಪಿಸ್ತೂಲು ಹಿಡಿದ ರೀತಿಯನ್ನು ದಶರಥ ಒಂದು ನಿಮಿಷ ನೋಡಿದ. ಕುಂಕುಮದ ಕರಡಿಗೆ ಹಿಡಿದಂತೆ ಎರಡೂ ಅಂಗೈಯಲ್ಲಿ ಹಿಡಿದಿದ್ದರು.

"ಪಾಟೀಲ್ರ, ಒಂದ್ ಮಾತ ಕೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ. ಇದನ್ನ ನೀವು ಒಮ್ಮೆನೂ ಹಾರಿಸಿಲ್ಲ, ಹೌದಲ್ರಿ?"

ಜಿನ್ನಪ್ಪ ಸುತ್ತ ನೋಡಿ, ತಲೆಯಾಡಿಸಿ, ಆಣೆಯ ವಿಷಯವನ್ನೂ ಹೇಳಿಬಿಟ್ಟರು. ದಶರಥ ನಗಲಿಲ್ಲ. "ಇರ್ಲಿರಿ, ನನ್ನ ಹೊಟ್ಯಾಗ ಇರ್ತೈತಿ" ಎಂದ. ಆಮೇಲೆ ಪಾಠ ಶುರುಮಾಡಿದ. ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಉಬ್ಬು ಇದೆಯಲ್ಲ, ಅದಕ್ಕೆ ಫೌಜಿನಲ್ಲಿ ಮಕ್ಖಿ ಅನ್ನುತ್ತಾರೆ. ಹಿಂದೆ, ಹಿಡಿಕೆಯ ಮೇಲಿನ ಸೀಳು, ಖಾಚು. ಖಾಚಿನ ನಡುವೆ ಮಕ್ಖಿ ಕೂರಬೇಕು, ಮಕ್ಖಿಯ ತಲೆಯ ಮೇಲೆ ಗುರಿ ಕೂರಬೇಕು.

"ಅಷ್ಟ ಏನು?" ಎಂದರು ಜಿನ್ನಪ್ಪ.

"ಅಷ್ಟ ರಿ. ಆದ್ರ ಬೆಳಕ ಬದಲಾತಂದ್ರ ಎಲ್ಲಾ ಬದಲಾಗತೈತಿ. ಮುಂಜಾನಿ ಕಂಡ ಮಕ್ಖಿ ಸಂಜಿಗಿ ಕಾಣೂದಿಲ್ಲ."

ಈ ಒಂದು ಮಾತು ಜಿನ್ನಪ್ಪರಿಗೆ ದೇವರು ಕೊಟ್ಟ ವರದಂತೆ ಕೇಳಿಸಿತು. ಯಾವ ಬೆಳಕಿಗೆ ಯಾವ ಮಕ್ಖಿ ಎಂಬುದು ತೀರ್ಮಾನವಾಗುವವರೆಗೆ ಗುಂಡಿನ ಮಾತೇ ಎತ್ತುವಂತಿಲ್ಲ! ಅಂದಿನಿಂದ ಅವರು ದಿನಕ್ಕೆ ಮೂರು ಹೊತ್ತು ಮಾಳಿಗೆ ಹತ್ತಿದರು. ಪರೀಕ್ಷೆಗೆ ಎದುರಿಗೊಂದು ಬಿಳಿ ಗೋಡೆ, ಅದರಲ್ಲೊಂದು ಕಪ್ಪು ಜಾಗ ಬೇಕಿತ್ತು. ಊರಿನಲ್ಲೆಲ್ಲ ಅದಕ್ಕೆ ಹೇಳಿಮಾಡಿಸಿದಂತಿದ್ದದ್ದು ಭೀಮಗೊಂಡನ ಹೊಸದಾಗಿ ಸುಣ್ಣ ಬಳಿದ ಗೋಡೆ ಮತ್ತು ಅದರ ಕಿಟಕಿ.

ಮೊದಲ ನಾಲ್ಕು ದಿನ ಇದ್ದ ಕಪ್ಪು ಮಕ್ಖಿ. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಗೋಡೆಯ ಮೇಲೆ ಅದು ಕಡೆದಿಟ್ಟಂತೆ ಕಂಡಿತು. ಐದೂವರೆ ಆಗುತ್ತಲೇ ಕಿಟಕಿಯ ಕಪ್ಪಿನಲ್ಲಿ ಮುಳುಗಿ ಮಾಯವಾಯಿತು. ದಶರಥ ಎಲೆ ಅಡಿಕೆಯ ಸಂಚಿಯಿಂದ ಸುಣ್ಣ ತೆಗೆದು ತುದಿಗೆ ಒಂದು ಚುಕ್ಕೆ ಇಟ್ಟ. ಈಗ ಸಂಜೆಗೆ ಮಕ್ಖಿ ಕಂಡಿತು, ಆದರೆ ಮಧ್ಯಾಹ್ನ ಗೋಡೆಯ ಸುಣ್ಣದಲ್ಲಿ ಬೆರೆತುಹೋಯಿತು. ಆಗ ಅಕ್ಕಸಾಲಿಗ ಕಾಮಣ್ಣನ ಹತ್ತಿರ ಹೋಗಿ ಹಿತ್ತಾಳೆಯ ಸಣ್ಣ ಟೊಪ್ಪಿಗೆ ಮಾಡಿಸಿ ತೊಡಿಸಿದರು. ಅದು ಮೂರೂ ಹೊತ್ತು ಹೊಳೆಯಿತು ನಿಜ, ಆದರೆ ಸೂರ್ಯ ಯಾವ ಕಡೆ ಇದ್ದಾನೋ ಆ ಕಡೆಯ ಅಂಚೇ ಹೊಳೆಯುತ್ತಿತ್ತು. ಜಿನ್ನಪ್ಪ ಆ ಹೊಳಪನ್ನೇ ಮಕ್ಖಿಯ ನಡು ಎಂದು ತಿಳಿದು, ಬೆಳಿಗ್ಗೆ ಕಿಟಕಿಯ ಎಡಕ್ಕೂ ಸಂಜೆ ಬಲಕ್ಕೂ ಗುರಿಯಿಟ್ಟರು.

"ಹೊಳ್ಯಾಕತ್ತಿದ್ದಕ್ಕ ಮೋಸ ಹೋಗಬ್ಯಾಡ್ರಿ" ಎಂದ ದಶರಥ. ಜಿನ್ನಪ್ಪ ಇದನ್ನು ಯಾವುದೋ ಪ್ರವಚನದಂತೆ ಕೈಮುಗಿದು ಕೇಳಿಸಿಕೊಂಡರು.

ಈ ವೈಜ್ಞಾನಿಕ ಸಂಶೋಧನೆ ಗೋಡೆಯಾಚೆಗೆ ಹೇಗೆ ಕಾಣುತ್ತಿತ್ತು ಎಂಬುದನ್ನೂ ಸ್ವಲ್ಪ ನೋಡಬೇಕು.

ಭೀಮಗೊಂಡನ ಬಚ್ಚಲ ಮೋರಿ ಆರು ವರ್ಷದಿಂದ ಜಿನ್ನಪ್ಪರ ಹಿತ್ತಲಿಗೆ ಹರಿಯುತ್ತಿತ್ತು. ತಿರುಗಿಸು ಎಂದು ಜಿನ್ನಪ್ಪ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು. ಈಗ ಒಂದು ಬೆಳಿಗ್ಗೆ ಭೀಮಗೊಂಡನ ಹೆಂಡತಿ ಗಂಗೂಬಾಯಿ ಕಿಟಕಿ ತೆರೆದರೆ ಎದುರು ಮಾಳಿಗೆಯಿಂದ ಪಿಸ್ತೂಲು ನೇರ ಅವಳನ್ನೇ ನೋಡುತ್ತಿತ್ತು. ಮಧ್ಯಾಹ್ನವೂ ನೋಡಿತು. ಸಂಜೆಗೂ ನೋಡಿತು. ಪಕ್ಕದಲ್ಲಿ ಫೌಜಿನವನೊಬ್ಬ ನಿಂತು, "ಸ್ವಲ್ಪ ಎಡಕ್ಕ ರಿ, ಹಾಂ, ಈಗ ಬರೋಬ್ಬರಿ" ಅನ್ನುತ್ತಿದ್ದ.

"ತೆಂಗಿನಕಾಯಿ ತೊಟ್ಟಿಗೆ ಹೊಡದಾವರೀ ಅವರು!" ಎಂದು ಗಂಗೂಬಾಯಿ ಗಂಡನ ಮುಂದೆ ನಡುಗಿದಳು. "ನಿಮ್ಮ ಕುತಿಗಿ ಏನ್ ದೊಡ್ಡದು?"

ಮರುದಿನವೇ ಗೌಂಡಿ ಬಂದ, ಮೋರಿ ತಿರುಗಿತು. ಮೂರನೆಯ ದಿನ ಹೊಸ ಬೆಲ್ಲದ ಎರಡು ಪೆಂಟಿ ಬಂದವು. ಐದನೆಯ ದಿನ ಭೀಮಗೊಂಡನೇ ಬಂದು ಅಂಗಳದಲ್ಲಿ ದೂರವೇ ನಿಂತು, "ಅಣ್ಣಾ, ನನ್ನಿಂದ ಏನರೆ ತಪ್ಪ ಆಗಿದ್ರ ಹೊಟ್ಯಾಗ ಹಾಕ್ಕೋ" ಎಂದ. ಜಿನ್ನಪ್ಪರಿಗೆ ಕಣ್ಣಲ್ಲಿ ನೀರು ಬಂತು. ಭೀಮಗೊಂಡ ಎಷ್ಟು ಒಳ್ಳೆಯವನು, ನಾನೇ ಇಷ್ಟು ದಿನ ತಪ್ಪು ತಿಳಿದಿದ್ದೆ ಎಂದು ಹೆಂಡತಿ ಜಿನಮತಿಯ ಮುಂದೆ ಹೇಳಿಕೊಂಡರು. ಆಮೇಲೆ ಮಾಳಿಗೆ ಹತ್ತಿ ಮತ್ತೆ ಆ ಒಳ್ಳೆಯವನ ಕಿಟಕಿಗೇ ಗುರಿಯಿಟ್ಟರು.

ಕೊನೆಯ ವಾರ ಅಥಣಿಯ ಗಡಿಯಾರ ರಿಪೇರಿಯ ಬಾಳಾಸಾಬ ಒಂದು ಉಪಾಯ ಹೇಳಿದ. ಗಡಿಯಾರದ ಮುಳ್ಳಿಗೆ ಹಚ್ಚುವ ರೇಡಿಯಂ! ಹಗಲೆಲ್ಲ ಬೆಳಕು ಕುಡಿದು ಕತ್ತಲಲ್ಲಿ ಹಸಿರಾಗಿ ಮಿನುಗುತ್ತದೆ. ಹಿತ್ತಾಳೆ ಟೊಪ್ಪಿಗೆಯ ಮೇಲೆ ಅದನ್ನೇ ಒಂದು ತೊಟ್ಟು ಹಚ್ಚಿಸಿಕೊಂಡು ಬಂದು ಕತ್ತಲ ಕೋಣೆಯಲ್ಲಿ ನೋಡಿದರೆ ಮಕ್ಖಿ ದೀಪದಂತೆ ಕಂಡಿತು. ಒಂದೇ ತೊಂದರೆ. ಮಕ್ಖಿ ಬಿಟ್ಟು ಬೇರೇನೂ ಕಾಣಲಿಲ್ಲ. "ಗುರಿ ಎಲ್ಲೈತಿ ಅಂತ ಗೊತ್ತಿರಬೇಕ್ರಿ, ಬರೇ ಪಿಸ್ತೂಲ ಎಲ್ಲೈತಿ ಅಂತ ಗೊತ್ತಾದ್ರ ಏನ್ ಉಪಯೋಗ?" ಎಂದ ದಶರಥ. ಅಷ್ಟರಲ್ಲಿ ಇಪ್ಪತ್ತನೇ ತಾರೀಖು ಬಂದುಬಿಟ್ಟಿತು. ಪಾಟೀಲರ ಪಿಸ್ತೂಲು ಕತ್ತಲಲ್ಲೂ ಹೊಡೆಯುತ್ತದಂತೆ ಎಂಬ ಸುದ್ದಿ ಅದಕ್ಕೂ ಮೊದಲೇ ಅನಂತಪುರ ಮುಟ್ಟಿತ್ತು.

ಖಣಿಯ ಸುತ್ತ ನಾಲ್ಕಕ್ಕೇ ಜನ ಕೂಡಿದರು. ಏಳು ಲೈಸೆನ್ಸಿನವರಲ್ಲಿ ಐವರು ಜೈನ ಗೌಡರು. ಅವರಲ್ಲಿ ಹಿರಿಯರು ಅರವತ್ತೆಂಟರ ತಾತ್ಯಾಸಾಹೇಬರು. ಎಲ್ಲರ ಮನೆಯಲ್ಲೂ ಪಿಸ್ತೂಲು ಗೋಡೆಗಡಿಯಾರದಂತೆ ಮರ್ಯಾದೆಗೆ ಇಟ್ಟ ವಸ್ತು. ಎತ್ತಿನ ಗಾಡಿಯಲ್ಲಿ ಜಿನಮತಿಯೂ ಸೋನಾಬಾಯಿಯೂ ಊಟದ ಡಬ್ಬಿ ಸಮೇತ ಬಂದಿದ್ದರು. ತಿಜೋರಿಯಲ್ಲಿದ್ದ ಅಪ್ಪನ ಕಾಲದ ಗುಂಡುಗಳ, ಕಾಡತೂಸಿನ, ಡಬ್ಬಿಯನ್ನು ಮಗನ ಕೈಗೆ ಕೊಡುವಾಗ ಸೋನಾಬಾಯಿ ಅವನ ಮುಖ ನೋಡಿದಳು. ಅವಳು ಬೈದಿದ್ದರೆ ಜಿನ್ನಪ್ಪರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಫೌಜದಾರರು ಎಲ್ಲೋ ಬಂದೋಬಸ್ತು ಮುಗಿಸಿ ಜೀಪಿನಲ್ಲಿ ಬಂದಾಗ ಐದು ದಾಟಿತ್ತು. ಪೇದೆಗಳು ಮನುಷ್ಯನ ಆಕಾರದ ಹಲಗೆ ಇಳಿಸಿ ನಿಲ್ಲಿಸಿದರು. ತಾತ್ಯಾಸಾಹೇಬರು ಎದ್ದು ನಿಂತರು.

"ಸಾಹೇಬ್ರ, ಇದಕ್ಕ ನಾವು ಹೊಡ್ಯೂದಿಲ್ರಿ."

"ಯಾಕ್ರೀ? ಹಲಗೆ ಇದು."

"ಹಲಗಿ ಖರೆ ಐತ್ರಿ. ಆದ್ರ ಮನಷ್ಯಾ ಅಂತ ತಿಳದು ಹೊಡದ್ರ ಮನಸಿನ್ಯಾಗ ಹೊಡದಂಗ ಆತಲ್ರಿ. ಪಾಪ ಮನಸಿಗಿ ಮೊದಲ ಹತ್ತತೈತಿ."

ಉಳಿದ ನಾಲ್ವರೂ ಹೌದೆಂದು ತಲೆಯಾಡಿಸಿದರು. ಫೌಜದಾರರು ಹಣೆ ಒತ್ತಿಕೊಂಡು ಹಲಗೆಯನ್ನು ತೆಗೆಸಿ ಎಣ್ಣೆಯ ಖಾಲಿ ಡಬ್ಬಿ ಇಡಿಸಿದರು. ಒಳಗೆ ಇರುವೆ ಇವೆಯೇನೋ ಎಂದು ತಾತ್ಯಾಸಾಹೇಬರೇ ಹೋಗಿ ಬಗ್ಗಿ ನೋಡಿ, ಇದ್ದ ಹತ್ತು ಹನ್ನೆರಡು ಇರುವೆಗಳನ್ನು ಎಲೆಯ ಮೇಲೆ ಹತ್ತಿಸಿಕೊಂಡು ಬೇಲಿಯತ್ತ ಬಿಟ್ಟು ಬಂದರು. ಬಂದವರೇ ಪಡುವಣಕ್ಕೆ ನೋಡಿದರು.

"ಹೊತ್ತ ಮುಳಗಾಕ ಬಂತಲ್ರಪಾ! ಊಟಾ ಆಗಬೇಕು."

ಐದು ಊಟದ ಡಬ್ಬಿ ತೆರೆದವು. ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದವರಿಗೆ ಅದೇ ಕೊನೆಯ ಅವಕಾಶ. ಪಿಸ್ತೂಲುಗಳು ಬಂಡೆಯ ಮೇಲೆ ಸಾಲಾಗಿ ಮಲಗಿದವು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಹರಡಿಕೊಂಡವು.

"ಏನ್ರೀ ಇದು? ಸರ್ಕಾರಿ ಪರೀಕ್ಷೆ ನಡೀತಿದೆ, ನೀವೆಲ್ಲ ವನಭೋಜನ ಮಾಡ್ತಾ ಇದ್ದೀರಲ್ಲ!" ಎಂದು ಫೌಜದಾರರು ಕೂಗಿದರು.

"ಸಾಹೇಬ್ರ, ನೀವೂ ಬರ್ರಿ, ಒಂದ್ ರೊಟ್ಟಿ ತಿನ್ರಿ" ಎಂದಳು ಸೋನಾಬಾಯಿ. "ಬಂದೋಬಸ್ತಿನ್ಯಾಗ ಮಧ್ಯಾಹ್ನ ಉಂಡಿಲ್ಲಂತ ಕಾಣತೈತಿ."

ಅದು ನಿಜವಾಗಿತ್ತು. ಫೌಜದಾರರು ಎರಡು ರೊಟ್ಟಿ ತಿಂದರು. ಕೈ ತೊಳೆದು ತಲೆ ಎತ್ತಿದರೆ ಇಪ್ಪತ್ತು ಹೆಜ್ಜೆ ದೂರದ ಡಬ್ಬಿ ಕಾಣುತ್ತಿರಲಿಲ್ಲ.

ಅವರ ಸಿಟ್ಟು ಈಗ ಹೊಟ್ಟೆ ತುಂಬಿದ ಬಲದಿಂದ ಮರಳಿ ಬಂತು. "ನಾಳೆ ಬೆಳಗಾವಿಗೆ ವರದಿ ಹೋಗಲೇಬೇಕು. ಒಬ್ಬರಾದರೂ ಹೊಡೆದರೆ ಪರೀಕ್ಷೆ ನಡೆಯಿತು ಅಂತ ಬರೀತೀನಿ. ಇಲ್ಲದಿದ್ದರೆ ಏಳೂ ಪಿಸ್ತೂಲು ಈಗಲೇ ಜೀಪಿಗೆ!"

ಅಷ್ಟರಲ್ಲಿ ಜನರ ನಡುವಿನಿಂದ ಭೀಮಗೊಂಡ ಮುಂದೆ ಬಂದ.

"ಜಿನ್ನಪ್ಪಣ್ಣಾ ಹೊಡಿತಾನ್ರಿ! ಕತ್ತಲ್ಯಾಗೂ ಹೊಡ್ಯೂ ಪಿಸ್ತೂಲ ಐತ್ರಿ ಅವನದು. ನಾ ಕಣ್ಣಾರೆ ನೋಡೇನಿ, ಮೂರೂ ಹೊತ್ತ ತಾಲೀಮ ಮಾಡ್ಯಾನ!" ತನ್ನ ಕಿಟಕಿ ಬಿಟ್ಟು ಬೇರೆಲ್ಲಾದರೂ ಒಮ್ಮೆ ಆ ಗುಂಡು ಹಾರಿಹೋಗಲಿ ಎಂಬ ಆಸೆ ಅವನ ದನಿಯಲ್ಲಿ ಸ್ಪಷ್ಟವಾಗಿತ್ತು.

ತಾತ್ಯಾಸಾಹೇಬರು ಜಿನ್ನಪ್ಪರ ಭುಜ ಹಿಡಿದರು. "ತಮ್ಮಾ, ಏಳೂ ಮಂದಿ ಮರ್ಯಾದಿ ನಿನ್ನ ಕೈಯಾಗೈತಿ."

ಜಿನ್ನಪ್ಪ ಎದ್ದು ನಿಂತರು. ಆರು ಕಾಡತೂಸು ತುಂಬಿದರು. ಎರಡು ಕೆಳಗೆ ಬಿದ್ದವು, ದಶರಥ ಹೆಕ್ಕಿಕೊಟ್ಟ. ಪಿಸ್ತೂಲು ಎತ್ತಿದರು. ಕತ್ತಲಲ್ಲಿ ಹಸಿರು ಚುಕ್ಕೆಯೊಂದು ಎದ್ದು, ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಒಮ್ಮೆ ಫೌಜದಾರರ ಮೇಲೂ ಹಾದುಹೋಯಿತು. ಅವರು ಜೀಪಿನ ಹಿಂದೆ ನಿಂತು ಆಜ್ಞೆ ಕೊಡತೊಡಗಿದರು.

"ಹೊಡೀರಿ!"

"ಡಬ್ಬಿ ಕಾಣವಲ್ತ್ರಿ, ಬರೇ ಮಕ್ಖಿ ಕಾಣಾಕತ್ತೈತಿ!"

"ಲೈಟ್ ಹಾಕ್ರೀ ಡ್ರೈವರ್!"

ಜೀಪಿನ ದೀಪ ಹೊತ್ತಿತು. ಡಬ್ಬಿ ಹಗಲಿನಂತೆ ಬೆಳಗಿತು. ರೇಡಿಯಂ ಸತ್ತುಹೋಯಿತು, ಹಿತ್ತಾಳೆ ಥಳಥಳಿಸಿ ಜಿನ್ನಪ್ಪರ ಕಣ್ಣು ಕುಕ್ಕಿತು. "ಈಗ ಡಬ್ಬಿ ಕಾಣತೈತ್ರಿ, ಮಕ್ಖಿ ಕಾಣವಲ್ತು!"

"ಲೈಟ್ ಆರಿಸ್ರೀ!"

"ಮಕ್ಖಿ ಬಂತ್ರಿ, ಡಬ್ಬಿ ಹೋತು!"

ನಾಲ್ಕು ಸಲ ದೀಪ ಹೊತ್ತಿ ನಾಲ್ಕು ಸಲ ಆರಿತು. ಹದಿನೆಂಟು ದಿನದ ಸಂಶೋಧನೆಯ ಸಾರವೆಲ್ಲ ಆ ಹತ್ತು ನಿಮಿಷದಲ್ಲಿ ಊರಿನವರಿಗೆ ಸಿಕ್ಕಿತು. ಕೊನೆಗೆ ದಶರಥ ದೀಪ ಹೊತ್ತಿಸಿಯೇ ಇಡಲು ಹೇಳಿ, ಹಿತ್ತಾಳೆಯ ಟೊಪ್ಪಿಗೆಯನ್ನು ಉಗುರಿನಿಂದ ಕಿತ್ತು ಎಸೆದ. ಒಳಗಿನ ಹಳೆಯ ಕಪ್ಪು ಮಕ್ಖಿ, ಬೆಳಗುವ ಡಬ್ಬಿಯ ಮುಂದೆ, ಕಡೆದಿಟ್ಟಂತೆ ಕಂಡಿತು.

ಈಗ ನೆಪ ಉಳಿದಿರಲಿಲ್ಲ. ಗುರಿ ನೆಟ್ಟಗೆ ಕಾಣುತ್ತಿತ್ತು. ಜಿನ್ನಪ್ಪರಿಗೆ ಅಳು ಬಂತು. ಬಲಕ್ಕೆ ಏಳು ಜನರ ಮರ್ಯಾದೆ, ಎಡಕ್ಕೆ ಗಾಡಿಯ ಮೇಲೆ ಕೂತ ಅವ್ವ. ಅವರು ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡು, ಅವ್ವಾ ತಪ್ಪಾಯಿತು ಅಂದುಕೊಂಡು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ಬೆರಳು ಒತ್ತಿದರು.

ಟಿಕ್.

ಜನರೆಲ್ಲ ಕಿವಿಯಿಂದ ಕೈ ತೆಗೆದರು. "ಇನ್ನೊಮ್ಮೆ!" ಎಂದರು ಫೌಜದಾರರು. ಟಿಕ್. ಮತ್ತೊಮ್ಮೆ. ಟಿಕ್. ಆರೂ ಮುಗಿದವು. ಡಬ್ಬಿ ಅಲ್ಲಾಡಲಿಲ್ಲ, ಇರುವೆಗೂ ನೋವಾಗಲಿಲ್ಲ.

ಫೌಜದಾರರು ಬಂದು ಪಿಸ್ತೂಲು ಇಸಿದುಕೊಂಡು ಕಾಡತೂಸು ಹೊರಗೆ ತೆಗೆದರು. ಹತ್ತೊಂಬತ್ತು ವರ್ಷ ಹಳೆಯವು ಹೊಸ ಪೂಜೆಯ ಸಾಮಾನಿನಂತೆ ಫಳಫಳ ಹೊಳೆಯುತ್ತಿದ್ದವು. ಒಂದನ್ನು ಮೂಗಿನ ಹತ್ತಿರ ಹಿಡಿದರು.

"ಏನ್ರೀ ಇದು, ಹುಣಸೆಹಣ್ಣಿನ ವಾಸನೆ!"

"ನಾ ತಿಕ್ಕತೀನ್ರಿ" ಎಂದಳು ಸೋನಾಬಾಯಿ, ಗಾಡಿಯಿಂದಲೇ. "ಪ್ರತಿ ವರ್ಷ ಪರ್ಯೂಷಣ ಹಬ್ಬಕ್ಕ ಹಿತ್ತಾಳಿ ಸಾಮಾನ ಎಲ್ಲಾ ತೆಗೀತೀವಲ್ರಿ, ಇವನ್ನೂ ತೆಗೀತೀನಿ. ಹುಣಸಿಹಣ್ಣ ಹಚ್ಚಿ ತಿಕ್ಕಿ, ಕುದಿಯೂ ನೀರಾಗ ತಾಸೊತ್ತ ಹಾಕಿ, ಬಿಸಲಿಗಿ ಇಡತೀನ್ರಿ."

ಫೌಜದಾರರು ಕಾಡತೂಸನ್ನು ಕೆಳಗಿಟ್ಟರು. ಆಮೇಲೆ ಬಂಡೆಯ ಮೇಲಿನ ಉಳಿದ ಆರು ಪಿಸ್ತೂಲುಗಳನ್ನು ಒಂದೊಂದಾಗಿ ನೋಡಿದರು. ತಾತ್ಯಾಸಾಹೇಬರದು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಇಬ್ಬರು ಕಾಡತೂಸನ್ನೇ ಎಲ್ಲಿಟ್ಟಿದ್ದೇವೆಂದು ಮರೆತಿದ್ದರು. ಒಂದರ ನಳಿಗೆಯಲ್ಲಿ ಜೇಡ ಮನೆ ಮಾಡಿತ್ತು. ಅದನ್ನು ಹೊರಗೆ ತೆಗೆಯಲು ಮಾಲೀಕರು ಹತ್ತು ವರ್ಷದಿಂದ ಒಪ್ಪಿರಲಿಲ್ಲ. ಉಳಿದೆರಡೂ ಅದೇ ಜಾತಿಯವು.

ಫೌಜದಾರರು ಬಂಡೆಯ ಮೇಲೆ ಕುಸಿದು ಕೂತು ನಗತೊಡಗಿದರು. "ಎಲೆಕ್ಷನ್ ಬರ್ತಾ ಇದೆ, ಏಳು ಪಿಸ್ತೂಲು ಇವೆ ಅಂತ ನಾನು ಬಂದಾಗಿನಿಂದ ನೆಟ್ಟಗೆ ನಿದ್ದೆ ಮಾಡಿಲ್ಲ ಕಣ್ರೀ!" ಎಂದು ಕಣ್ಣೊರೆಸಿಕೊಂಡು, ಜೀಪಿನ ದೀಪದಲ್ಲೇ ವರದಿ ಬರೆದರು. ಪರೀಕ್ಷೆ ನಡೆಸಲಾಯಿತು; ಸದರಿ ಏಳೂ ಆಯುಧಗಳಿಂದ ಸಾರ್ವಜನಿಕರಿಗೆ ಯಾವ ಅಪಾಯವೂ ಇಲ್ಲ; ನವೀಕರಿಸಬಹುದು. ಏಳು ಜನರೂ ಒಟ್ಟಿಗೆ ಉಸಿರು ಬಿಟ್ಟ ಸದ್ದು ಖಣಿಯಲ್ಲಿ ಪ್ರತಿಧ್ವನಿಸಿತು. ಎಲ್ಲರಿಗಿಂತ ದೊಡ್ಡ ಉಸಿರು ಭೀಮಗೊಂಡನದು. "ಹಂಗಾರ ನಾ ಹೆದರಿದ್ದು ಇದಕ್ಕೇನ್ರಪಾ?" ಎಂದು ಅವನು ಕೂತಲ್ಲೇ ತೊಡೆ ಬಡಿದುಕೊಂಡ.

ಗಾಡಿ ಊರ ಕಡೆ ಹೊರಟಿತು. ಜಿನ್ನಪ್ಪರ ಎದೆಯ ಮೇಲಿನ ಕಲ್ಲು ಇಳಿದಿತ್ತು, ಆದರೆ ಅದರ ಜಾಗದಲ್ಲಿ ಒಂದು ಹರಳು ಉಳಿದಿತ್ತು.

"ಅವ್ವಾ, ಗುಂಡ ಹಾರಲಿಲ್ಲ ಖರೆ. ಆದ್ರ ನಾ ಒತ್ತಿದ್ನಲ್ಲ."

"ನೋಡಿದ್ನಿ. ಕಣ್ಣ ಮುಚ್ಚಿ ಒತ್ತಿದಿ. ನಾಳೆ ಒಂದ್ ಉಪವಾಸ ಮಾಡು, ಸಾಕು."

ಜಿನ್ನಪ್ಪ ಹಗುರಾಗಿ ತಲೆಯಾಡಿಸಿದರು. ಸ್ವಲ್ಪ ದೂರ ಹೋದ ಮೇಲೆ ಅವರಿಗೆ ಮತ್ತೊಂದು ಸಂಶಯ ಬಂತು.

"ಅವ್ವಾ, ಕಾಡತೂಸ ನೀರಾಗ ಕುದಿಸಿದ್ರ ಕೆಡತಾವಂತ ನಿನಗ ಗೊತ್ತಿರಲಿಲ್ಲೇನು?"

ಸೋನಾಬಾಯಿ ಸೆರಗು ಹೊದ್ದುಕೊಂಡು ಎತ್ತಿನ ಕಡೆ ನೋಡುತ್ತ ಹೇಳಿದಳು.

"ನಿನ್ನ ಆಣಿ ಮ್ಯಾಲ ನನಗ ನಂಬಿಕಿ ಇತ್ತೋ ತಮ್ಮಾ. ನಿನ್ನ ಬೆರಳಿನ ಮ್ಯಾಲ ಇರಲಿಲ್ಲ."